ಹಾರ್ಮೋನಿಯಂ ಪಟ್ಟಿ

ಹಾರ್ಮೋನಿಯಂ ಪಟ್ಟಿ ಎಂದರೆ ಹಾರ್ಮೋನಿಯಂ ನುಡಿಸುವಾಗ ಷಡ್ಜವೆಂದು ಆರಿಸಿಕೊಂಡ ಮನೆ ಹಾಗೂ ಆ ಮನೆಯಿಂದ ಎಣಿಸಿದ ಸ್ವರಗಳ ಏರ್ಪಾಡು. ಗಾಯಕರ ಕಂಠಕ್ಕೆ ತಕ್ಕಂತೆ ಪಟ್ಟಿ ಬದಲಾಗುತ್ತದೆ. ಆಗ ಹಾಡಿನ ಧಾಟಿ ಬದಲಾಗುವುದಿಲ್ಲ, ಅದನ್ನು ನುಡಿಸುವ ಬೆರಳುಗಳ ದಾರಿ ಬದಲಾಗುತ್ತದೆ. ಉತ್ತರ ಕರ್ನಾಟಕದಲ್ಲಿ ಹಾರ್ಮೋನಿಯಂಗೆ ಪೇಟಿ ಎಂಬ ಹೆಸರು ರೂಢಿಯಲ್ಲಿದೆ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ಭಾಗದ ಪಾರಿಜಾತ ಹಾಗೂ ಭಜನಾ ಮೇಳಗಳಲ್ಲಿ ಪೇಟಿಯು ಮುಖ್ಯ ಪಕ್ಕವಾದ್ಯವಾಗಿದೆ.

ಮನೆಗಳ ಹೆಸರು

ಒಂದು ಸಪ್ತಕದಲ್ಲಿ ಏಳು ಬಿಳಿ ಮತ್ತು ಐದು ಕರಿ, ಒಟ್ಟು 12 ಮನೆಗಳಿವೆ. ಪಾಶ್ಚಾತ್ಯ ಪದ್ಧತಿಯ ‘ಸಿ’ ಸ್ವರವೇ ಬಿಳಿ ಒಂದು. ಅಲ್ಲಿಂದ ಬಲಕ್ಕೆ ಬಿಳಿ ಎರಡು, ಬಿಳಿ ಮೂರು ಎಂದು ಬಿಳಿ ಏಳರವರೆಗೆ ಎಣಿಸುತ್ತಾರೆ. ಕರಿ ಒಂದು ಮತ್ತು ಕರಿ ಎರಡು ಜೋಡಿಯಾಗಿಯೂ ಕರಿ ಮೂರು, ನಾಲ್ಕು, ಐದು ಮತ್ತೊಂದು ಗುಂಪಾಗಿಯೂ ಇರುತ್ತವೆ. ಮರಾಠಿಯಲ್ಲಿ ಇವಕ್ಕೆ ಕಾಳಿ, ಪಾಂಢರಿ ಎನ್ನುವುದರಿಂದ ಮಹಾರಾಷ್ಟ್ರಕ್ಕೆ ಹೊಂದಿಕೊಂಡ ಗಡಿಭಾಗದ ಕಲಾವಿದರಿಗೆ ಎರಡೂ ಬಗೆಯ ಹೆಸರುಗಳು ಪರಿಚಿತ. ಸಾಮಾನ್ಯವಾಗಿ ಪುರುಷರ ಕಂಠಕ್ಕೆ ಕರಿ ಒಂದು, ಬಿಳಿ ಎರಡು ಮೊದಲಾದ ಮನೆಗಳೂ ಸ್ತ್ರೀಯರ ಕಂಠಕ್ಕೆ ಬಿಳಿ ಐದರಿಂದ ಕರಿ ಐದರವರೆಗಿನ ಮನೆಗಳೂ ಷಡ್ಜವಾಗಿ ಒಪ್ಪುತ್ತವೆ.

ಪಟ್ಟಿ ಬದಲಾದಾಗ

ಬಿಲಾವಲ್ ಥಾಟಿನ ಏಳೂ ಸ್ವರಗಳು ಬಿಳಿ ಒಂದರಿಂದ ಹೊರಟರೆ ಬಿಳಿ ಮನೆಗಳಲ್ಲೇ ಸಿಗುತ್ತವೆ. ಅದೇ ಥಾಟನ್ನು ಕರಿ ಒಂದರಿಂದ ನುಡಿಸಿದರೆ ಐದು ಕರಿ, ಎರಡು ಬಿಳಿ ಮನೆಗಳು ಬೇಕಾಗುತ್ತವೆ. ಆದ್ದರಿಂದ ಮನೆಗಳ ಗುರುತಿನಿಂದ ಹಾಡು ಕಲಿತವರು ಪಟ್ಟಿ ಬದಲಾದೊಡನೆ ತಡವರಿಸುತ್ತಾರೆ. ಸ್ವರಗಳ ನಡುವಿನ ಅಂತರದಿಂದ ಕಲಿತವರಿಗೆ ಈ ತೊಡಕಿಲ್ಲ.

ಒಂದು ಪಟ್ಟಿಯಿಂದ ಅದರ ಮಧ್ಯಮಕ್ಕೆ ಅಥವಾ ಪಂಚಮಕ್ಕೆ ಷಡ್ಜವನ್ನು ಸರಿಸುವುದು ಎಲ್ಲಕ್ಕಿಂತ ಸುಲಭ. ಬಿಲಾವಲ್‌ನಲ್ಲಿ ಮಧ್ಯಮವನ್ನು ಹೊಸ ಷಡ್ಜವಾಗಿ ಮಾಡಿಕೊಂಡರೆ ಹಳೆಯ ಶುದ್ಧ ನಿಷಾದದ ಬದಲು ಕೋಮಲ ನಿಷಾದ ಬರುತ್ತದೆ. ಪಂಚಮವನ್ನು ಷಡ್ಜವಾಗಿ ಮಾಡಿಕೊಂಡರೆ ಹಳೆಯ ಶುದ್ಧ ಮಧ್ಯಮದ ಬದಲು ತೀವ್ರ ಮಧ್ಯಮ ಬರುತ್ತದೆ. ಉಳಿದ ಆರು ಮನೆಗಳು ಹಾಗೆಯೇ ಉಳಿಯುತ್ತವೆ.

ಮೂರ್ಛನೆ

ಮನೆಗಳನ್ನು ಬದಲಿಸದೆ ಷಡ್ಜವನ್ನು ಮಾತ್ರ ಬದಲಿಸಿದರೆ ಬೇರೆ ಥಾಟು ಹುಟ್ಟುತ್ತದೆ. ಇದಕ್ಕೆ ಶಾಸ್ತ್ರದಲ್ಲಿ ಮೂರ್ಛನೆ ಎಂದು ಹೆಸರು. ಬಿಳಿ ಮನೆಗಳನ್ನಷ್ಟೇ ಬಳಸಿದಾಗ ದೊರೆಯುವ ಥಾಟುಗಳು ಇವು:

ಬಿಳಿ ಒಂದರಿಂದ – ಬಿಲಾವಲ್
ಬಿಳಿ ಎರಡರಿಂದ – ಕಾಫಿ
ಬಿಳಿ ಮೂರರಿಂದ – ಭೈರವಿ
ಬಿಳಿ ನಾಲ್ಕರಿಂದ – ಕಲ್ಯಾಣ
ಬಿಳಿ ಐದರಿಂದ – ಖಮಾಜ್
ಬಿಳಿ ಆರರಿಂದ – ಆಸಾವರಿ

ಬಿಳಿ ಏಳರಿಂದ ಹೊರಟರೆ ಶುದ್ಧ ಪಂಚಮ ಸಿಗದ ಕಾರಣ ಅದು ಹತ್ತು ಥಾಟುಗಳಲ್ಲಿ ಸೇರುವುದಿಲ್ಲ.

ಐದು ಕರಿ ಮನೆಗಳಲ್ಲಿಯೂ ಹೀಗೆಯೇ ಐದು ಔಡವ ರಾಗಗಳ ಸ್ವರಗಳಿವೆ. ಕರಿ ಮೂರು ಷಡ್ಜವಾದರೆ ಭೂಪ, ಕರಿ ಒಂದು ಷಡ್ಜವಾದರೆ ದುರ್ಗಾ, ಕರಿ ನಾಲ್ಕರಿಂದ ಮೇಘ, ಕರಿ ಎರಡರಿಂದ ಧಾನಿ, ಕರಿ ಐದರಿಂದ ಮಾಲಕೌಂಸ ದೊರೆಯುತ್ತವೆ. ದೊರೆಯುವುದು ಸ್ವರಗಳು ಮಾತ್ರ. ರಾಗವಾಗಲು ಅದರ ಚಲನ, ವಾದಿ-ಸಂವಾದಿ ಹಾಗೂ ನ್ಯಾಸಗಳು ಬೇಕು.

ಮೌತ್ ಆರ್ಗನ್‌ನೊಂದಿಗೆ ಹೋಲಿಕೆ

ಹಾರ್ಮೋನಿಯಂ ಮತ್ತು ಮೌತ್ ಆರ್ಗನ್ ಎರಡರಲ್ಲಿಯೂ ನಾದ ಹುಟ್ಟುವುದು ಗಾಳಿಗೆ ಕಂಪಿಸುವ ಲೋಹದ ನಾಲಿಗೆಗಳಿಂದ. ಹತ್ತು ರಂಧ್ರಗಳ ಸಾಮಾನ್ಯ ಮೌತ್ ಆರ್ಗನ್‌ನಲ್ಲಿ ಊದಿದಾಗ ಒಂದು ಸ್ವರವೂ ಗಾಳಿ ಎಳೆದಾಗ ಇನ್ನೊಂದು ಸ್ವರವೂ ಬರುತ್ತವೆ. ಅದು ಒಂದೇ ಪಟ್ಟಿಗೆ ಶ್ರುತಿಗೊಂಡಿರುವುದರಿಂದ ಬೇರೆ ಪಟ್ಟಿಗೆ ಬೇರೆ ವಾದ್ಯವನ್ನೇ ಎತ್ತಿಕೊಳ್ಳಬೇಕು, ಇಲ್ಲವೇ ‘ಸ್ಥಾನ’ ಬದಲಿಸಬೇಕು. ‘ಸಿ’ ಪಟ್ಟಿಯ ವಾದ್ಯದಲ್ಲಿ ಮೊದಲ ಸ್ಥಾನದ ಷಡ್ಜ ಬಿಳಿ ಒಂದು; ಎರಡನೆಯದು ಅದರ ಪಂಚಮವಾದ ಬಿಳಿ ಐದು; ಮೂರನೆಯದು ಬಿಳಿ ಐದರ ಪಂಚಮವಾದ ಬಿಳಿ ಎರಡು. ಇವು ಕ್ರಮವಾಗಿ ಬಿಲಾವಲ್, ಖಮಾಜ್ ಮತ್ತು ಕಾಫಿ ಥಾಟಿನ ಸ್ವರಗಳನ್ನು ಕೊಡುತ್ತವೆ. ಹೀಗಾಗಿ ಮೌತ್ ಆರ್ಗನ್‌ನ ಸ್ಥಾನ ಮತ್ತು ಭಾರತೀಯ ಸಂಗೀತದ ಮೂರ್ಛನೆಗಳ ತತ್ತ್ವ ಒಂದೇ. ಆದರೆ ಈ ವಾದ್ಯದ ಕೆಳ ಸಪ್ತಕದಲ್ಲಿ ಬಿಳಿ ನಾಲ್ಕು ಮತ್ತು ಬಿಳಿ ಆರರ ಸ್ವರಗಳು ನೇರವಾಗಿ ಇರುವುದಿಲ್ಲ. ಗಾಳಿ ಎಳೆಯುತ್ತ ಸ್ವರವನ್ನು ಬಾಗಿಸಿ ಅವನ್ನು ಪಡೆಯಬೇಕು.

ಪಾರಿಜಾತದ ಆಟದಲ್ಲಿ

ಶ್ರೀಕೃಷ್ಣ ಪಾರಿಜಾತವು ಉತ್ತರ ಕರ್ನಾಟಕದ ಪ್ರಸಿದ್ಧ ಬಯಲಾಟ. ಇದರ ಮೂಲಕರ್ತೃ ಅಪರಾಳ ತಮ್ಮಣ್ಣ. ಇದನ್ನು ಬೆಳೆಸಿ ಜನಪ್ರಿಯಗೊಳಿಸಿದವನು ಕುಲಗೋಡ ತಮ್ಮಣ್ಣ. ಕುಲಗೋಡ ಮತ್ತು ಕೌಜಲಗಿ ಗ್ರಾಮಗಳು ಅವಿಭಜಿತ ಗೋಕಾಕ ತಾಲ್ಲೂಕಿನಲ್ಲಿದ್ದವು. ಸ್ವಂತ ಮೇಳ ಕಟ್ಟಿ ಪಾರಿಜಾತಕ್ಕೆ ಹೆಸರು ತಂದ ಕಲಾವಿದೆ ಕೌಜಲಗಿ ನಿಂಗಮ್ಮ ಈ ಪ್ರದೇಶದವರೇ.

ಗಂಡಸರೇ ಎಲ್ಲ ಪಾತ್ರ ವಹಿಸುವ ಮೇಳವು ಒಂದೇ ಪಟ್ಟಿಯಲ್ಲಿ ಇರುಳು ಕಳೆಯಬಹುದು. ಆದರೆ ಕೃಷ್ಣ ಮತ್ತು ಭಾಗವತರ ಹಾಡುಗಳನ್ನು ಪುರುಷರೂ ಸತ್ಯಭಾಮೆ, ರುಕ್ಮಿಣಿಯರ ಹಾಡುಗಳನ್ನು ಸ್ತ್ರೀಯರೂ ಹಾಡುವಾಗ ಒಂದೇ ಪ್ರವೇಶದಲ್ಲಿ ಎರಡು ಕಂಠಗಳು ಎದುರಾಗುತ್ತವೆ. ಪುರುಷರ ಪಟ್ಟಿಯನ್ನೇ ಹಿಡಿದರೆ ಸ್ತ್ರೀಕಂಠ ಮಂದ್ರದಲ್ಲಿ ಕುಗ್ಗಿ ಬಯಲಿನಲ್ಲಿ ಕುಳಿತವರಿಗೆ ಕೇಳಿಸದು. ಸ್ತ್ರೀಯರ ಪಟ್ಟಿ ಹಿಡಿದರೆ ಪುರುಷಕಂಠ ತಾರದಲ್ಲಿ ಒಡೆಯುತ್ತದೆ. ಕರಿ ಒಂದರಲ್ಲಿ ಹಾಡುವವನಿಗೂ ಅದರ ಮಧ್ಯಮವಾದ ಕರಿ ಮೂರರಲ್ಲಿ ಹಾಡುವವಳಿಗೂ ಪೇಟಿಯವರು ಆಟ ನಿಲ್ಲಿಸದೆ ಸಾಥ್ ಕೊಡಬಲ್ಲರು. ಮಧ್ಯಮಕ್ಕೆ ಷಡ್ಜ ಸರಿಸುವ ಅಭ್ಯಾಸದ ನಿಜವಾದ ಉಪಯೋಗ ಇದೇ.

ಸ್ಕೇಲ್ ಚೇಂಜರ್

ಮನೆಗಳ ಹಲಗೆಯನ್ನೇ ಪಕ್ಕಕ್ಕೆ ಸರಿಸಿ ಪಟ್ಟಿ ಬದಲಿಸುವ ಹಾರ್ಮೋನಿಯಂಗೆ ಸ್ಕೇಲ್ ಚೇಂಜರ್ ಎನ್ನುತ್ತಾರೆ. ಇದರಲ್ಲಿ ಬೆರಳುಗಳು ಕಲಿತ ದಾರಿಯಲ್ಲೇ ನಡೆಯುತ್ತವೆ. ಆದರೆ ವಾದ್ಯದ ತೂಕ, ಬೆಲೆ ಮತ್ತು ದುರಸ್ತಿಯ ಕೆಲಸ ಹೆಚ್ಚು. ಇದರ ಮೇಲೆಯೇ ಅವಲಂಬಿಸಿದವರು ಗುಡಿಯ ಭಜನೆಯಲ್ಲಿ ಸಾದಾ ಪೇಟಿ ಎದುರಾದಾಗ ಇಕ್ಕಟ್ಟಿಗೆ ಸಿಲುಕುತ್ತಾರೆ.

ಮಿತಿಗಳು

ಹಾರ್ಮೋನಿಯಂ ಯಾವ ಮನೆಯಿಂದಲೂ ಹೊರಡಲು ಸಾಧ್ಯವಾಗಿರುವುದು ಸಪ್ತಕದ 1200 ಸೆಂಟ್‌ಗಳನ್ನು 12 ಸಮಭಾಗ ಮಾಡಿರುವುದರಿಂದ. ಇದಕ್ಕೆ ತೆತ್ತ ಬೆಲೆಯೂ ಇದೆ. ಸಹಜ ಶುದ್ಧ ಗಾಂಧಾರ ಸುಮಾರು 386 ಸೆಂಟ್‌ನಲ್ಲಿದ್ದರೆ ಹಾರ್ಮೋನಿಯಂನಲ್ಲಿ ಅದು 400. ಪಂಚಮದ ವ್ಯತ್ಯಾಸ ಕೇವಲ 2 ಸೆಂಟ್. ಮೀಂಡ್ ಮತ್ತು ಗಮಕಗಳಿಗೂ ಇಲ್ಲಿ ಅವಕಾಶ ಕಡಿಮೆ. ಇಂಥ ಆಕ್ಷೇಪಗಳ ನಡುವೆ ಆಕಾಶವಾಣಿಯು 1940ರಲ್ಲಿ ಹಾರ್ಮೋನಿಯಂಗೆ ನಿಷೇಧ ಹೇರಿತು. 1971ರಲ್ಲಿ ಅದು ಸಡಿಲಗೊಂಡಿತು.

ಬೆಳಗಾವಿ ಜಿಲ್ಲೆಯ ಕಾಗವಾಡದಲ್ಲಿ ಜನಿಸಿದ ಪಂ. ರಾಮಭಾವು ಬಿಜಾಪುರೆ (1917–2010) ಹಾರ್ಮೋನಿಯಂ ವಾದನದಲ್ಲಿ ಹೆಸರಾದರು. ಬೆಳಗಾವಿಯಲ್ಲಿ ಸಂಗೀತ ವಿದ್ಯಾಲಯ ನಡೆಸಿ ಅನೇಕ ಶಿಷ್ಯರನ್ನು ಬೆಳೆಸಿದರು. ಬೇರೆ ಬೇರೆ ಪಟ್ಟಿಗಳಲ್ಲಿ ಹಾಡುವ ಗಾಯಕರಿಗೆ ಸಾಥ್ ನೀಡುವ ವಾದಕನಿಗೆ 12 ಮನೆಗಳೂ ಸಮಾನವಾಗಿ ಪರಿಚಿತವಾಗಿರಬೇಕು. ಪಾರಿಜಾತದ ಪೇಟಿಯವರಿಗೂ ಬೇಕಾದುದು ಇದೇ ಸಿದ್ಧತೆ.