ಇಂಗ್ಲಿಷಿನ ಬಂಧುವಾಚಕಗಳು

ನಮ್ಮಲ್ಲಿ ಚಿಕ್ಕಪ್ಪನೇ ಬೇರೆ, ಸೋದರಮಾವನೇ ಬೇರೆ. ಇಂಗ್ಲಿಷಿನಲ್ಲಿ ಇಬ್ಬರೂ ‘ಅಂಕಲ್’. ಇದನ್ನು ಕಂಡು, ಆ ಜನಕ್ಕೆ ಬಂಧುತ್ವದ ಸೂಕ್ಷ್ಮ ವಿವೇಚನೆಯೇ ಇರಲಿಲ್ಲವೆಂದು ನಮ್ಮವರು ಹೇಳುವುದುಂಟು. ಆ ಭಾಷೆಯ ಚರಿತ್ರೆಯನ್ನು ನೋಡಿದವರಿಗೆ ಈ ಅಭಿಪ್ರಾಯವು ನಿಲ್ಲತಕ್ಕದ್ದಲ್ಲವೆಂದು ತಿಳಿಯುವುದು.

ಪ್ರಾಚೀನ ಇಂಗ್ಲಿಷಿನಲ್ಲಿ ತಂದೆಯ ಸೋದರನಿಗೆ ‘ಫ್ಯಾದೆರ’, ತಾಯಿಯ ಸೋದರನಿಗೆ ‘ಏಆಮ್’, ತಂದೆಯ ಸೋದರಿಗೆ ‘ಫಾಥು’, ತಾಯಿಯ ಸೋದರಿಗೆ ‘ಮೋದ್ರಿಯೆ’ ಎಂದು ನಾಲ್ಕು ಬೇರೆ ಬೇರೆ ಹೆಸರುಗಳಿದ್ದುವು. ‘ಬೇವುಲ್ಫ್’ ಎಂಬ ಪುರಾತನ ಕಾವ್ಯದ ನಾಯಕನು ತನ್ನ ದೊರೆಯಾದ ಹೈಗೆಲಾಕನಿಗೆ ಸೋದರಳಿಯನೇ ಆಗಿದ್ದನು.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಅರಮನೆಯಲ್ಲಿಯೂ ನ್ಯಾಯಸ್ಥಾನದಲ್ಲಿಯೂ ಫ್ರೆಂಚು ನೆಲೆಗೊಂಡಿತು. ಮುಂದಿನ ಶತಮಾನಗಳಲ್ಲಿ ಅಂಕಲ್, ಆಂಟ್, ಕಸಿನ್, ನೆಫ್ಯೂ, ನೀಸ್ ಎಂಬ ಮಾತುಗಳು ಆ ಭಾಷೆಯಿಂದ ಬಂದು ಸೇರಿದುವು. ಫಾದರ್, ಮದರ್, ಸನ್, ಡಾಟರ್ ಎಂಬ ದೇಶೀಯ ಶಬ್ದಗಳು ಮಾತ್ರ ಕದಲಲಿಲ್ಲ. ಒಲೆಯ ಬಳಿಯ ಮಾತು ಉಳಿಯಿತು. ಅಂಗಳದಾಚೆಯ ಮಾತು ಬದಲಾಯಿತು. ‘ಗ್ರ್ಯಾಂಡ್‌ಫಾದರ್’ ಎಂಬುದಂತೂ ಅರ್ಧ ಫ್ರೆಂಚು, ಅರ್ಧ ದೇಶೀಯ.

ಇನ್ನೊಂದು ವಿಚಿತ್ರವುಂಟು. ‘ಅಂಕಲ್’ ಶಬ್ದದ ಮೂಲವಾದ ಲ್ಯಾಟಿನ್ ‘ಅವುಂಕುಲುಸ್’ ತಾಯಿಯ ಸೋದರನನ್ನು ಮಾತ್ರವೂ, ‘ಆಂಟ್’ ಶಬ್ದದ ಮೂಲವಾದ ‘ಅಮಿತ’ ತಂದೆಯ ಸೋದರಿಯನ್ನು ಮಾತ್ರವೂ ಹೇಳುತ್ತಿದ್ದುವು. ಅರ್ಥಾತ್, ಮೂಲವನ್ನು ಹಿಡಿದರೆ ಅಂಕಲ್ ಎಂದರೆ ಸೋದರಮಾವ, ಆಂಟ್ ಎಂದರೆ ಸೋದರತ್ತೆ.

ವಂಶಾವಳಿಗೆ ‘ಪೆಡಿಗ್ರೀ’ ಎಂಬ ಹೆಸರು ಬಂದುದೂ ಫ್ರೆಂಚಿನಿಂದಲೇ. ಅದರ ಮೂಲಾರ್ಥವು ಕ್ರೌಂಚಪಕ್ಷಿಯ ಕಾಲು. ವಂಶವೃಕ್ಷದಲ್ಲಿ ಸಂತತಿಯನ್ನು ತೋರಿಸಲು ಎಳೆಯುತ್ತಿದ್ದ ಕವಲುಗೆರೆಯು ಆ ಹಕ್ಕಿಯ ಬೆರಳುಗಳನ್ನು ಹೋಲುತ್ತಿದ್ದುದೇ ಇದಕ್ಕೆ ಕಾರಣ.

ಮದುವೆಯಿಂದ ಬಂದ ನಂಟಿಗೆ ಸೇರಿಸುವ ‘ಇನ್-ಲಾ’ ಎಂಬ ಮಾತಿನ ಕಥೆ ಗಂಭೀರವಾದುದು. ಇಲ್ಲಿ ‘ಲಾ’ ಎಂದರೆ ಚರ್ಚಿನ ಧರ್ಮಶಾಸನ. ಆ ಶಾಸನದ ದೃಷ್ಟಿಯಲ್ಲಿ ಹೆಂಡತಿಯ ತಂಗಿಯು ಗಂಡನಿಗೂ ತಂಗಿಗೆ ಸಮಾನಳು. ಹೆಂಡತಿಯು ಸತ್ತ ಮೇಲೂ ಆಕೆಯನ್ನು ವರಿಸಕೂಡದು. 1835ರ ಕಾನೂನು ಇಂತಹ ವಿವಾಹಗಳು ಮುಂದೆ ಸರ್ವಥಾ ಅಸಿಂಧುವೆಂದು ವಿಧಿಸಿತು. ತಾಯಿಯಿಲ್ಲದ ಮಕ್ಕಳನ್ನು ಸಾಕುತ್ತಿದ್ದ ಚಿಕ್ಕಮ್ಮನು ಅವರ ತಂದೆಗೆ ಧರ್ಮಪತ್ನಿಯಾಗಲಾರಳು. ಆದರೂ ಅವರಿಗೆ ಹುಟ್ಟಿದ ಮಕ್ಕಳಿಗೆ ಔರಸರೆಂಬ ಹೆಸರಿಲ್ಲ. ಪ್ರಸಿದ್ಧ ಚಿತ್ರಕಾರನಾದ ಹೋಲ್ಮನ್ ಹಂಟನು ಇಂತಹ ಮದುವೆಗಾಗಿ 1875ರಲ್ಲಿ ಸ್ವಿಟ್ಜರ್ಲೆಂಡಿಗೆ ಹೋಗಬೇಕಾಯಿತು. ಬಹುಕಾಲದ ವಾಗ್ವಾದದ ತರುವಾಯ 1907ರಲ್ಲಿ ಪಾರ್ಲಿಮೆಂಟು ಈ ನಿಷೇಧವನ್ನು ತೆಗೆದುಹಾಕಿತು. ‘ಸಿಸ್ಟರ್-ಇನ್-ಲಾ’ ಎಂಬ ಹೆಸರು ಉಳಿಯಿತು. ಅದರೊಳಗಿದ್ದ ಬೇಲಿ ಬಿದ್ದಿತು.

ಆ ಬೇಲಿಯನ್ನು ಕೀಳಲು ಕಾನೂನು ಬೇಕಾಯಿತು. ಹಳೆಯ ನಾಲ್ಕು ಹೆಸರುಗಳು ಹೋಗಲು ಯಾರ ಆಜ್ಞೆಯೂ ಬೇಕಾಗಲಿಲ್ಲ. ‘ಏಆಮ್’ ಶಬ್ದವು ಈಗ ‘ಈಮ್ಸ್’ ಎಂಬ ಮನೆತನದ ಹೆಸರಿನಲ್ಲಿ ಅಡಗಿ ಕುಳಿತಿದೆ. ಚಿಕ್ಕಪ್ಪನನ್ನೂ ಸೋದರಮಾವನನ್ನೂ ‘ಅಂಕಲ್’ ಎಂದು ಕರೆಯಲು ನಮ್ಮ ಮಕ್ಕಳಿಗೆ ಕಲಿಸುವಾಗ ಈ ಚರಿತ್ರೆಯನ್ನು ನೆನೆಯುವುದು ಲೇಸು. ಮಾತು ಹೋದ ಮನೆಯಲ್ಲಿ ನಂಟು ಉಳಿದೀತು. ಆದರೆ ಅದನ್ನು ಕೂಗಿ ಕರೆಯಲು ಹೆಸರಿರದು.