ಇಸಿ ಟಿವಿಯಿಂದ ಇಯರ್‌ಫೋನಿನವರೆಗೆ



ಕಾಚಿಗೂಡ ಎಂದರೆ ನಿಮ್ಮಲ್ಲಿ ಹಲವರಿಗೆ ಬೆಂಗಳೂರಿನ ರೈಲು ನೆನಪಾದೀತು, ಇನ್ನು ಕೆಲವರಿಗೆ ನೃಪತುಂಗ ಶಾಲೆ, ಕರ್ನಾಟಕ ಸಾಹಿತ್ಯ ಮಂದಿರ. ನನಗೆ ಮಾತ್ರ ಈಗೀಗ ನೆನಪಾಗುವುದು ಒಂದು ಅಯಸ್ಕಾಂತದ ಚೂರು. ಹೋದ ತಿಂಗಳು ನನ್ನ ಇಯರ್‌ಫೋನು ಎಡಗಿವಿಯಲ್ಲಿ ಮೌನವ್ರತ ಹಿಡಿಯಿತು. ಮಾತಾಡಿ ಹೊಟ್ಟೆ ಹೊರೆಯುವವರಿಗೆ ಇದು ಸಣ್ಣ ಸಂಗತಿಯಲ್ಲ. ಕಾಚಿಗೂಡದಿಂದ ಬಡೀ ಚೌಡಿ ದಾಟಿ, ಸುಲ್ತಾನ್ ಬಜಾರಿನ ನೂಕುನುಗ್ಗಲಿನಲ್ಲಿ ಹಾದು ಕೋಠಿಯ ಗುಜರಾತಿ ಗಲ್ಲಿಗೆ ಹೋದೆ. ಅಂಗಡಿಯ ಹುಡುಗ ಅದನ್ನು ಬಿಚ್ಚಿದ. ಒಳಗಿದ್ದ ಬೇಳೆಯಷ್ಟು ಗಾತ್ರದ ಬಿಲ್ಲೆ ಟಣ್ಣನೆ ಹಾರಿ ಅವನ ಸ್ಕ್ರೂಡ್ರೈವರಿಗೆ ಕಚ್ಚಿಕೊಂಡಿತು. "ಸಬ್ ಚೀನಾ ಕಾ ಮಾಲ್ ಹೈ, ರಿಪೇರಿ ನಕ್ಕೋ, ನಯಾ ಲೇಲೋ" ಎಂದ. ಹೊಸದನ್ನು ಕೊಂಡೆ. ಹಳೆಯದರ ಬಿಲ್ಲೆಯನ್ನು ಜೇಬಿಗೆ ಹಾಕಿಕೊಂಡು ಬಂದೆ.

ನಾವು ಯಾವಾಗಿನಿಂದ ಹೀಗೆ ಒಂದೇ ದೇಶದ ಕಡೆ ಕೈ ಚಾಚಿ ನಿಂತಿದ್ದೇವೆ? ಮೊದಲಿನಿಂದಲೂ ಎಂಬುದೇ ಉತ್ತರ. ದೇಶದ ಹೆಸರು ಮಾತ್ರ ಬದಲಾಗಿದೆ. ನಿಜಾಮರ ಡೆಕ್ಕನ್ ರೇಡಿಯೋವನ್ನೇ ನೋಡಿ. 1939ರಲ್ಲಿ ಸರೂರ್‌ನಗರದಲ್ಲಿ 5 ಕಿಲೋವ್ಯಾಟ್ ಪ್ರಸಾರ ಯಂತ್ರ ನಿಂತಿತು. ಉರ್ದು, ತೆಲುಗು, ಮರಾಠಿಯ ಜೊತೆಗೆ ಕನ್ನಡವೂ ಅದರಲ್ಲಿ ಕೇಳಿಬರುತ್ತಿತ್ತು. ಕಲಬುರಗಿ, ಬೀದರ್, ರಾಯಚೂರು ಆಗ ಹೈದರಾಬಾದ್ ಸಂಸ್ಥಾನದಲ್ಲೇ ಇದ್ದವಲ್ಲ. ಮಾತು ನಮ್ಮದು, ಯಂತ್ರ ಮಾತ್ರ ಮಾರ್ಕೋನಿ ಕಂಪನಿಯದು. ಆ ಕಾಲದ ನಮ್ಮ ಚೀನಾ ಇಂಗ್ಲೆಂಡ್ ಆಗಿತ್ತು.

ಸ್ವಾತಂತ್ರ್ಯ ಬಂದ ಮೇಲೆ ಈ ಗಂಟನ್ನು ಬಿಚ್ಚುವ ಕೆಲಸಕ್ಕೆ ಕೈಹಾಕಿದ ಊರುಗಳಲ್ಲಿ ಬೆಂಗಳೂರು ಮುಂದಿತ್ತು. 1954ರಲ್ಲಿ ಅಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್, ನಮ್ಮ ಬಾಯಲ್ಲಿ ಬಿಇಎಲ್, ಹುಟ್ಟಿತು. 1961ರಲ್ಲಿ ರೇಡಿಯೋ ವಾಲ್ವ್‌ಗಳು, ಮರುವರ್ಷ ಜರ್ಮೇನಿಯಂ ಅರೆವಾಹಕಗಳು, 1964ರಲ್ಲಿ ಆಕಾಶವಾಣಿಗೆ ಪ್ರಸಾರ ಯಂತ್ರಗಳು. ಅಂದರೆ ನಮ್ಮ ಮಾತನ್ನು ಗಾಳಿಗೆ ಏರಿಸುವ ಯಂತ್ರವೂ ಕಡೆಗೆ ನಮ್ಮದಾಯಿತು. ನನ್ನಂಥ ಉದ್ಘೋಷಕರಿಗೆ ಈ ಸಾಲು ಓದುವಾಗ ಸ್ವಲ್ಪ ಎದೆ ಉಬ್ಬುತ್ತದೆ, ಕ್ಷಮಿಸಿ.

ಆದರೆ ದೊಡ್ಡ ತಿರುವು ಸಿಕ್ಕಿದ್ದು ಚೀನಾದಿಂದಲೇ. 1962ರ ಯುದ್ಧದಲ್ಲಿ ಸೋತ ಮೇಲೆ, ವೈರ್‌ಲೆಸ್ಸು, ರೇಡಾರುಗಳನ್ನೆಲ್ಲ ಪರರಿಂದ ಬೇಡುತ್ತ ಕೂತರೆ ಆಗದು ಎಂಬುದು ದಿಲ್ಲಿಗೆ ಮನವರಿಕೆಯಾಯಿತು. 1963ರಲ್ಲಿ ಹೋಮಿ ಭಾಭಾ ಅವರ ಅಧ್ಯಕ್ಷತೆಯಲ್ಲಿ ಎಲೆಕ್ಟ್ರಾನಿಕ್ಸ್ ಸಮಿತಿ ರಚನೆಯಾಯಿತು. ವಿಕ್ರಮ್ ಸಾರಾಭಾಯಿ ಅದರಲ್ಲಿದ್ದರು. ಹಿಂದೆ ಉಸ್ಮಾನಿಯಾ ವಿಶ್ವವಿದ್ಯಾಲಯದ ಕುಲಪತಿಯಾಗಿ, ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಎಸ್. ಭಗವಂತಂ ಇದ್ದರು. ಎ.ಎಸ್. ರಾವ್ ಇದ್ದರು. 1966ರ ಜನವರಿಯಲ್ಲಿ ಭಾಭಾ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅದೇ ವರ್ಷ ವರದಿ ಹೊರಬಂತು. ಹತ್ತು ವರ್ಷದಲ್ಲಿ ಎಲೆಕ್ಟ್ರಾನಿಕ್ಸ್‌ನಲ್ಲಿ ನಮ್ಮ ಕಾಲ ಮೇಲೆ ನಾವು ನಿಲ್ಲಬೇಕು ಎಂಬುದು ಅದರ ಸಂಕಲ್ಪ.

ಈ ಎ.ಎಸ್. ರಾವ್ ಎಂದರೆ ಹೈದರಾಬಾದಿನ ಎ.ಎಸ್. ರಾವ್ ನಗರಕ್ಕೆ ಹೆಸರು ಕೊಟ್ಟವರೇ. 1956ರಲ್ಲಿ ಟ್ರಾಂಬೆಯ ಅಪ್ಸರಾ ಪರಮಾಣು ರಿಯಾಕ್ಟರು ಚಾಲನೆಗೊಂಡಾಗ ಅದರ ನಿಯಂತ್ರಣ ಉಪಕರಣಗಳನ್ನು ಅವರ ತಂಡ ಇಲ್ಲೇ ಕಟ್ಟಿತ್ತು. ಆ ಅನುಭವವನ್ನು ಕಾರ್ಖಾನೆಯಾಗಿಸಲು 1967ರ ಏಪ್ರಿಲ್ 11ರಂದು ಹೈದರಾಬಾದಿನಲ್ಲಿ ಇಸಿಐಎಲ್ ಶುರುವಾಯಿತು. ಎರಡೇ ವರ್ಷದಲ್ಲಿ, 1969ರಲ್ಲಿ, ಟಿಡಿಸಿ-12 ಎಂಬ 12 ಬಿಟ್‌ನ ಕಂಪ್ಯೂಟರು ಹೊರಬಂತು. 1978ರಲ್ಲಿ ಐಬಿಎಂ ಭಾರತ ಬಿಟ್ಟು ಹೋದಾಗ ನಮ್ಮ ಕಚೇರಿಗಳೇನೂ ಬಾಗಿಲು ಹಾಕಲಿಲ್ಲ. ಇನ್ನು ಇಸಿ ಟಿವಿ! ಭಾನುವಾರದ ಸಿನಿಮಾಕ್ಕೆ ವಠಾರವೆಲ್ಲ ಒಂದೇ ಮನೆಯ ಪಡಸಾಲೆಯಲ್ಲಿ ಕೂರುತ್ತಿದ್ದ ಕಾಲ ನೋಡಿದ ಹಿರಿಯ ಕೇಳುಗರಿಗೆ ಅದರ ಪರಿಚಯ ಬೇಕಿಲ್ಲ.

ಹಾಗಾದರೆ ಎಲ್ಲಿ ಎಡವಿದೆವು? ಚೀನಾವನ್ನು ಬೈದು ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ನಮ್ಮಲ್ಲಿ ಎಲ್ಲವನ್ನೂ ಮಾಡಿದರು, ಆದರೆ ಸ್ವಲ್ಪ ಸ್ವಲ್ಪವೇ ಮಾಡಿದರು. ಸ್ವಲ್ಪ ಮಾಡಿದರೆ ಬೆಲೆ ಇಳಿಯದು, ಬೆಲೆ ಇಳಿಯದೆ ಮಾರುಕಟ್ಟೆ ಬೆಳೆಯದು. 1982ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣದ ಟಿವಿ ಬಂತು. ಬಿಡಿಭಾಗಗಳ ಕಿಟ್ಟುಗಳನ್ನು ಹೊರಗಿನಿಂದ ತರಿಸಿ ಜೋಡಿಸುವುದೇ ಲಾಭ ಎಂದು ಕಂಪನಿಗಳು ಕಂಡುಕೊಂಡವು. 1989ರಲ್ಲಿ ಮೊಹಾಲಿಯ ಸರ್ಕಾರಿ ಚಿಪ್ ಕಾರ್ಖಾನೆ ಬೆಂಕಿಗೆ ಆಹುತಿಯಾಯಿತು. 1997ರಲ್ಲಿ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಕಂಪ್ಯೂಟರು, ಬಿಡಿಭಾಗಗಳ ಆಮದು ಸುಂಕ ಹಂತಹಂತವಾಗಿ ಸೊನ್ನೆಗಿಳಿಯಿತು. ನಮ್ಮ ಮತಯಂತ್ರವನ್ನೇ ನೋಡಿ. ಬೆಂಗಳೂರಿನ ಬಿಇಎಲ್, ಹೈದರಾಬಾದಿನ ಇಸಿಐಎಲ್ ಎರಡೂ ಸೇರಿ ಕಟ್ಟಿದ ಹೆಮ್ಮೆಯ ಪೆಟ್ಟಿಗೆ ಅದು. ಒಳಗಿನ ಚಿಪ್ಪು ಮಾತ್ರ ಹೊರದೇಶದಿಂದ ಬಂದದ್ದು.

ಈಗ ನನ್ನ ಜೇಬಿನ ಬಿಲ್ಲೆಗೆ ಬರೋಣ. ನಿಯೋಡಿಮಿಯಂ ಎಂಬ ವಿರಳ ಭೂಧಾತುವಿನ ಅಯಸ್ಕಾಂತ ಅದು. ಇಯರ್‌ಫೋನಿನಿಂದ ವಿದ್ಯುತ್ ಸ್ಕೂಟರಿನ ಮೋಟಾರಿನವರೆಗೆ ಎಲ್ಲೆಲ್ಲೂ ಇದೇ. ಜಗತ್ತಿನ ಇಂಥ ಅಯಸ್ಕಾಂತಗಳಲ್ಲಿ ಸುಮಾರು ಶೇ. 90 ಚೀನಾದಲ್ಲಿ ತಯಾರಾಗುತ್ತವೆ. 2025ರ ಏಪ್ರಿಲ್‌ನಲ್ಲಿ ಚೀನಾ ಏಳು ವಿರಳ ಧಾತುಗಳಿಗೂ ಅವುಗಳ ಅಯಸ್ಕಾಂತಗಳಿಗೂ ರಫ್ತು ಪರವಾನಗಿ ಕಡ್ಡಾಯ ಮಾಡಿದಾಗ ನಮ್ಮ ವಾಹನ ಕಾರ್ಖಾನೆಗಳು ಕಂಗಾಲಾದವು. ತಮಾಷೆ ಎಂದರೆ, ಈ ಧಾತುಗಳಿರುವ ಮೋನಜೈಟ್ ಮರಳು ಕೇರಳ, ತಮಿಳುನಾಡು, ಆಂಧ್ರ, ಒಡಿಶಾಗಳ ಕಡಲತೀರದಲ್ಲೇ ಬಿದ್ದಿದೆ. ಇದಕ್ಕೆಂದೇ ಇಂಡಿಯನ್ ರೇರ್ ಅರ್ಥ್ಸ್ ಕಂಪನಿ 1950ರಲ್ಲೇ ಹುಟ್ಟಿತ್ತು. ವಿದ್ಯೆಯೂ ದೂರವಿಲ್ಲ. ಹೈದರಾಬಾದಿನ ಕಂಚನ್‌ಬಾಗ್‌ನಲ್ಲಿರುವ ರಕ್ಷಣಾ ಲೋಹ ಸಂಶೋಧನಾಲಯ ಡಿಎಂಆರ್‌ಎಲ್ ಮತ್ತು ಬಾರ್ಕ್‌ನ ತಂತ್ರಜ್ಞಾನದಿಂದಲೇ ವಿಶಾಖಪಟ್ಟಣದಲ್ಲಿ ಸಮೇರಿಯಂ-ಕೋಬಾಲ್ಟ್ ಅಯಸ್ಕಾಂತದ ಘಟಕ ಎದ್ದಿತು. 2023ರಲ್ಲಿ ಉದ್ಘಾಟನೆಯೂ ಆಯಿತು. ಅದರ ಸಾಮರ್ಥ್ಯ ವರ್ಷಕ್ಕೆ 3,000 ಕಿಲೋ, ಅಂದರೆ 3 ಟನ್. ಮತ್ತೆ ಅದೇ ಸ್ವಲ್ಪ!

2025ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ 7,280 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಗುರಿ ವರ್ಷಕ್ಕೆ 6,000 ಟನ್ ಅಯಸ್ಕಾಂತ. ಲೆಕ್ಕ ಈ ಸಲ ದೊಡ್ಡದಿದೆ, ಅದು ಸಮಾಧಾನ. ಆದರೆ ಜಪಾನನ್ನು ಕೇಳಿ. 2010ರಲ್ಲಿ ಚೀನಾ ಕೈ ಬಿಗಿಹಿಡಿದಾಗ ಅವರು ಆಸ್ಟ್ರೇಲಿಯಾದ ಗಣಿ ಕಂಪನಿಗೆ ಹಣ ಹಾಕಿದರು, ಹಳೆಯ ಸಾಮಾನಿನಿಂದ ಧಾತು ತೆಗೆದರು, ಕಡಿಮೆ ಬಳಸಲು ಕಲಿತರು. ಹತ್ತು ವರ್ಷಕ್ಕೂ ಮಿಕ್ಕಿ ಬೆವರು ಹರಿಸಿದ ಮೇಲೆ ಸುಮಾರು ಶೇ. 90ರಷ್ಟಿದ್ದ ಅವಲಂಬನೆ ಶೇ. 60ರ ಆಸುಪಾಸಿಗೆ ಇಳಿಯಿತು. ದೀಪಾವಳಿಯ ಸರದೀಪಗಳನ್ನು ಒಂದು ವರ್ಷ ಕೊಳ್ಳದೆ ಬಿಟ್ಟರೆ ಇದು ಆಗುವ ಕೆಲಸವಲ್ಲ.

ನನ್ನ ಬಿಲ್ಲೆ ಈಗ ಸ್ಟುಡಿಯೋದ ಕಬ್ಬಿಣದ ಕಪಾಟಿಗೆ ಅಂಟಿಕೊಂಡು, ನೀವು ಬರೆದ ಕಾಗದಗಳನ್ನು ಹಿಡಿದುಕೊಂಡಿದೆ. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಇಸಿ ಟಿವಿ ಇದ್ದರೆ, ಅಥವಾ ನಿಮ್ಮ ಮನೆಯ ಹಿರಿಯರು ಇಸಿಐಎಲ್‌ನಲ್ಲೋ ಬಿಇಎಲ್‌ನಲ್ಲೋ ದುಡಿದವರಾಗಿದ್ದರೆ, ಒಂದು ಕಾಗದ ಹಾಕಿ. ಅದರ ಕೆಳಗೆ ಇನ್ನೂ ಜಾಗವಿದೆ.