ಕ್ಲಾಸ್ ಹೆಸರಿನಿಂದ ಅಂಶಗಳ ಆಯ್ಕೆ (ಹಳೆಯ ಬ್ರೌಸರ್‌ಗಳು)

ಕ್ಲಾಸ್ ಹೆಸರಿನಿಂದ ಅಂಶಗಳ ಆಯ್ಕೆ ಎಂದರೆ ಜಾಲಪುಟದಲ್ಲಿ ಒಂದೇ ಕ್ಲಾಸ್ ಹೆಸರನ್ನು ಹೊಂದಿರುವ ಎಲ್ಲ ಅಂಶಗಳನ್ನು ಜಾವಾಸ್ಕ್ರಿಪ್ಟ್ ಮೂಲಕ ಹುಡುಕಿ ತೆಗೆಯುವ ವಿಧಾನ. ಇದಕ್ಕಾಗಿ ಇರುವ 'ಗೆಟ್‌ಎಲಿಮೆಂಟ್ಸ್‌ಬೈಕ್ಲಾಸ್‌ನೇಮ್' ಎಂಬ ಆಜ್ಞೆಯು ಫೈರ್‌ಫಾಕ್ಸ್ 3, ಸಫಾರಿ 3.1 ಹಾಗೂ ಒಪೆರಾ 9.5 ಆವೃತ್ತಿಗಳೊಂದಿಗೆ 2008ರಲ್ಲಿ ಬಳಕೆಗೆ ಬಂದಿತು. ಇಂಟರ್ನೆಟ್ ಎಕ್ಸ್‌ಪ್ಲೋರರ್ ಅದನ್ನು ಅಳವಡಿಸಿಕೊಂಡದ್ದು 2011ರಲ್ಲಿ, 9ನೆಯ ಆವೃತ್ತಿಯಲ್ಲಿ. ವಿಂಡೋಸ್ ಎಕ್ಸ್‌ಪಿ ಗಣಕಗಳಿಗೆ ಅದರ 8ನೆಯ ಆವೃತ್ತಿಯೇ ಕೊನೆಯದಾದುದರಿಂದ, ಅಲ್ಲಿ ಅದೇ ಬ್ರೌಸರನ್ನು ನಂಬಿದವರಿಗೆ ಈ ಆಜ್ಞೆ ದೊರೆಯಲೇ ಇಲ್ಲ.

ಹಳೆಯ ವಿಧಾನ

ಆಜ್ಞೆ ಇಲ್ಲದ ಬ್ರೌಸರ್‌ಗಳಲ್ಲಿ ಪುಟದ ಎಲ್ಲ ಅಂಶಗಳನ್ನೂ ಒಂದೊಂದಾಗಿ ತೆಗೆದು, ಪ್ರತಿಯೊಂದರ ಕ್ಲಾಸ್ ಹೆಸರನ್ನು ಪರೀಕ್ಷಿಸಬೇಕಾಗಿತ್ತು. ದೊಡ್ಡ ಪುಟಗಳಲ್ಲಿ ಇದು ನಿಧಾನ. ಒಂದು ಅಂಶಕ್ಕೆ ಖಾಲಿಜಾಗದಿಂದ ಬೇರ್ಪಟ್ಟ ಹಲವು ಕ್ಲಾಸ್‌ಗಳಿರಬಹುದು ಎಂಬುದೇ ಇಲ್ಲಿನ ಮುಖ್ಯ ತೊಡಕು.

ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದ ಒಂದು ಬೇಳೆ ಗಿರಣಿಯ ದರಪಟ್ಟಿಯು ಜಾಲಪುಟದಲ್ಲಿದೆ ಎಂದು ಭಾವಿಸೋಣ. ಅದರಲ್ಲಿ ಇಂದಿನ ದರಕ್ಕೆ 'ತೊಗರಿ ಬೆಲೆ' ಎಂಬ ಎರಡು ಕ್ಲಾಸ್‌ಗಳೂ, ಹಿಂದಿನ ದರಕ್ಕೆ 'ಹಳೆಬೆಲೆ' ಎಂಬ ಒಂದು ಕ್ಲಾಸೂ ಇವೆ. 'ಬೆಲೆ' ಎಂಬ ಅಕ್ಷರಗಳು ಎಲ್ಲಿ ಬಂದರೂ ಸರಿ ಎಂದು ಹುಡುಕಿದರೆ ಹಳೆಯ ದರವೂ ಹೊಸದರ ಜೊತೆ ಸೇರಿಬಿಡುತ್ತದೆ.

ಇದನ್ನು ತಪ್ಪಿಸಲು ಅನೇಕರು ಪದದ ಗಡಿಯನ್ನು ಸೂಚಿಸುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಬಳಸುತ್ತಿದ್ದರು. ಕನ್ನಡದ ಹೆಸರುಗಳಿಗೆ ಈ ಉಪಾಯ ನಿರುಪಯುಕ್ತ. ಜಾವಾಸ್ಕ್ರಿಪ್ಟ್‌ನ ಗಡಿಚಿಹ್ನೆಯು ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಅಡಿಗೆರೆಯನ್ನು ಮಾತ್ರ ಪದದ ಭಾಗವೆಂದು ಎಣಿಸುತ್ತದೆ. ಕನ್ನಡ ಅಕ್ಷರ ಅದರ ಲೆಕ್ಕಕ್ಕೇ ಇಲ್ಲ. ಹೀಗಾಗಿ ಹುಡುಕಾಟದ ಫಲ ಶೂನ್ಯ, ದೋಷಸೂಚನೆಯೂ ಬಾರದು. ಕ್ಲಾಸ್ ಪಟ್ಟಿಯ ಹಿಂದೆ ಮುಂದೆ ಒಂದೊಂದು ಖಾಲಿಜಾಗ ಸೇರಿಸಿ, ಅದರಲ್ಲಿ ಖಾಲಿಜಾಗಸಹಿತವಾಗಿಯೇ 'ಬೆಲೆ'ಯನ್ನು ಹುಡುಕುವುದು ಸರಳ. ಯಾವ ಲಿಪಿಗಾದರೂ ಸಲ್ಲುತ್ತದೆ.

ನಂತರದ ಪರಿಹಾರಗಳು

ಜಾನ್ ರೆಸಿಗ್ 2006ರಲ್ಲಿ ಹೊರತಂದ ಜೆಕ್ವೆರಿ ಈ ಶ್ರಮವನ್ನು ಮರೆಮಾಡಿತು. 2009ರ ಇಂಟರ್ನೆಟ್ ಎಕ್ಸ್‌ಪ್ಲೋರರ್ 8ರಲ್ಲಿ 'ಕ್ವೆರಿಸೆಲೆಕ್ಟರ್‌ಆಲ್' ಇದೆ. ಅದು ಕೊಡುವ ಪಟ್ಟಿ ಆ ಕ್ಷಣದ್ದು, ಮತ್ತೆ ಬದಲಾಗದು. ಗೆಟ್‌ಎಲಿಮೆಂಟ್ಸ್‌ಬೈಕ್ಲಾಸ್‌ನೇಮ್ ಕೊಡುವ ಪಟ್ಟಿಯಾದರೋ ಪುಟದೊಡನೆ ತಾನೂ ಬದಲಾಗುತ್ತದೆ. ಮೊದಲಿನಿಂದ ಎಣಿಸುತ್ತ ಒಂದೊಂದು ಅಂಶದ ಕ್ಲಾಸನ್ನು ಅಳಿಸಿದರೆ ಒಂದು ಬಿಟ್ಟು ಒಂದು ತಪ್ಪಿಹೋಗುವುದು ಇದರಿಂದಲೇ.

ಕನ್ನಡ ಹೆಸರುಗಳ ಒಂದು ತೊಡಕು ಹೊಸ ಬ್ರೌಸರ್‌ಗಳಲ್ಲಿಯೂ ಉಳಿದಿದೆ. 'ತೊ' ಅಕ್ಷರದ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ, ಎರಡು ಸಂಕೇತಗಳ ಜೋಡಣೆಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಹೋಲಿಕೆಯಲ್ಲಿ ಮಾತ್ರ ಬೇರೆ ಬೇರೆ.